ಮೌಸ್ ಆಗಾಗ ನಿಂತುಹೋಗುತ್ತಿದ್ದರೆ: ಹೊಸದು ಕೊಳ್ಳುವ ಮುಂಚೆ ನೋಡಬೇಕಾದದ್ದು

ಕೆಲಸದ ನಡುವೆ ಕರ್ಸರ್ ಇದ್ದಲ್ಲೇ ನಿಲ್ಲುತ್ತದೆ. ಮೌಸನ್ನು ಮೇಜಿಗೆ ಎರಡು ಸಲ ಕುಟ್ಟಿದರೆ ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ಇಲ್ಲ. ವೈರ್ ಕಿತ್ತು ಬೇರೆ ಪೋರ್ಟಿಗೆ ಚುಚ್ಚಿದರೆ ಸರಿಹೋಯಿತು ಅನ್ನಿಸುತ್ತದೆ, ಸಂಜೆಗೆ ಮತ್ತೆ ಅದೇ ರಾಗ. ಅಂಗಡಿಗೆ ಹೋದರೆ ಹೊಸ ಮೌಸ್ ಕೈಗೆ ಬರುತ್ತದೆ. ಅದೂ ವಾರದೊಳಗೆ ಹಾಗೇ ಮಾಡತೊಡಗಿದರೆ ತಪ್ಪು ಮೌಸಿನದ್ದಲ್ಲ.

ಸಾಮಾನ್ಯ ಮೌಸಿಗೆ ಬೇಕಾಗುವುದು ತೀರಾ ಕಡಿಮೆ. ಐದು ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಕೂಡ ದಾಟುವುದಿಲ್ಲ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡಬಲ್ಲದು, 3.0 ಪೋರ್ಟ್ 900. ಇಷ್ಟು ಸಣ್ಣ ಹೊಟ್ಟೆಯದೇ ಉಪವಾಸ ಬೀಳುತ್ತಿದೆ ಎಂದರೆ ಆ ಐದು ವೋಲ್ಟು ಬರುವ ದಾರಿಯಲ್ಲೇ ಏನೋ ಕೆಟ್ಟಿರಬೇಕು, ಇಲ್ಲವೇ ಯಾರೋ ಬೇಕೆಂದೇ ಅದನ್ನು ಕಡಿಯುತ್ತಿರಬೇಕು. ದಾರಿ ಉದ್ದವಿದೆ: ಗೋಡೆಯ ಸಾಕೆಟ್, ಯುಪಿಎಸ್, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸುವ ಡಬ್ಬ), ಮದರ್‌ಬೋರ್ಡ್, ಪೋರ್ಟ್, ಕೊನೆಗೆ ಮೌಸಿನ ವೈರ್. ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಒಂದೇ ಪ್ರಶ್ನೆ ತೀರ್ಮಾನಿಸುತ್ತದೆ. ಮೌಸ್ ಯಾವಾಗ ನಿಲ್ಲುತ್ತದೆ?

ನಿಂತ ಆ ಗಳಿಗೆಯಲ್ಲಿ

ಮೌಸ್ ನಿಂತ ಕೂಡಲೇ ವೈರ್ ಕೀಳಬೇಡಿ. ಕಿತ್ತರೆ ಸಾಕ್ಷಿ ಹೋಯಿತು. ಅರ್ಧ ನಿಮಿಷ ತಾಳಿ, ಕೆಲವು ಸಂಗತಿ ನೋಡಿಕೊಳ್ಳಿ.

ಮೊದಲು ಕೀಬೋರ್ಡಿನ ನಮ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಎಚ್ಚರವಾಗಿದೆ, ತೊಂದರೆ ಮೌಸಿನ ಕಡೆಗಷ್ಟೇ ಇದೆ. ದೀಪ ಅಲುಗದಿದ್ದರೆ ಎರಡು ಸಾಧ್ಯತೆ: ಇಡೀ ಕಂಪ್ಯೂಟರ್ ಹ್ಯಾಂಗ್ ಆಗಿದೆ, ಅಥವಾ ಯುಎಸ್‌ಬಿ ವ್ಯವಸ್ಥೆಯೇ ಮಲಗಿದ್ದು ಕೀಬೋರ್ಡ್ ಕೂಡ ಅದರ ಜತೆ ಹೋಗಿದೆ. ಇವೆರಡನ್ನು ಬೇರ್ಪಡಿಸಲು ಒಂದು ಉಪಾಯವುಂಟು. ಸಿಪಿಯು ಡಬ್ಬದ ಪವರ್ ಬಟನ್ ಯುಎಸ್‌ಬಿ ಮೂಲಕ ಕೆಲಸ ಮಾಡುವುದಿಲ್ಲ, ಅದರ ತಂತಿ ನೇರ ಮದರ್‌ಬೋರ್ಡಿಗೆ ಹೋಗುತ್ತದೆ. ಅದನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಡಿ, ಹಿಡಿದುಕೊಳ್ಳಬೇಡಿ. ಪರದೆಯ ಮೇಲೆ ವಿಂಡೋಸ್ ಕ್ರಮವಾಗಿ ಶಟ್‌ಡೌನ್ ಆಗತೊಡಗಿದರೆ ಅಥವಾ ನಿದ್ರೆಗೆ ಜಾರಿದರೆ ಕಂಪ್ಯೂಟರ್ ಜೀವಂತವಾಗಿತ್ತು, ಯುಎಸ್‌ಬಿ ಮಾತ್ರ ಸತ್ತಿತ್ತು. ಏನೂ ಆಗದಿದ್ದರೆ ಹ್ಯಾಂಗ್. ಆಗ ಈ ಲೇಖನಕ್ಕಿಂತ ನಿಮ್ಮ ರ‍್ಯಾಮ್, ಹಾರ್ಡ್ ಡಿಸ್ಕ್, ಶಾಖ ಇವುಗಳ ಕಡೆ ನೋಡುವುದು ಒಳ್ಳೆಯದು.

ಎರಡನೆಯದು ಕಿವಿಗೆ ಸಂಬಂಧಿಸಿದ್ದು. ಸ್ಪೀಕರ್ ಆನ್ ಇಟ್ಟುಕೊಳ್ಳಿ. ಪೆನ್ ಡ್ರೈವ್ ತೆಗೆದಾಗ, ಹಾಕಿದಾಗ ವಿಂಡೋಸ್ ಒಂದು ಸದ್ದು ಮಾಡುತ್ತದಲ್ಲ, ಯಾರೂ ಏನೂ ಮುಟ್ಟದೆ ಆ ಸದ್ದು ಕೇಳಿಸಿ ಮೌಸ್ ನಿಂತರೆ ಸಂಪರ್ಕ ನಿಜವಾಗಿಯೂ ಕಡಿದಿದೆ. ವೈರ್, ಪೋರ್ಟ್, ಪವರ್, ಈ ಮೂರರಲ್ಲೊಂದು. ಸದ್ದಿಲ್ಲದೆ ನಿಂತರೆ ಮೌಸಿನ ಸೆನ್ಸರ್, ವೈರ್‌ಲೆಸ್ ಸಿಗ್ನಲ್ ಅಥವಾ ಕಂಪ್ಯೂಟರಿನ ನಿಧಾನ ಎಂದು ಊಹಿಸಬಹುದು.

ಆಮೇಲೆ ಮೌಸ್ ಮಗುಚಿ ಕೆಂಪು ದೀಪ ನೋಡಿ. ಪೂರ್ತಿ ಆರಿದ್ದರೆ ಕರೆಂಟೇ ಬರುತ್ತಿಲ್ಲ. ಮಂದವಾಗಿದ್ದರೆ ಹೆದರಬೇಕಿಲ್ಲ, ಸುಮ್ಮನಿದ್ದಾಗ ಹಲವು ಮೌಸ್‌ಗಳು ದೀಪ ತಗ್ಗಿಸಿಕೊಳ್ಳುತ್ತವೆ. ಕೆಲವು ಮೌಸ್‌ಗಳಲ್ಲಿ ಇನ್‌ಫ್ರಾರೆಡ್ ದೀಪ ಇರುವುದರಿಂದ ಕಣ್ಣಿಗೆ ಬೆಳಕೇ ಕಾಣುವುದಿಲ್ಲ. ಅದನ್ನು ಕೆಟ್ಟಿದೆ ಎಂದುಕೊಳ್ಳಬೇಡಿ.

ಅರ್ಧ ಬರೆದ ಪತ್ರವೋ ಲೆಕ್ಕವೋ ತೆರೆದಿದ್ದರೆ ಮೌಸ್ ಇಲ್ಲದೆಯೂ ಉಳಿಸಬಹುದು. ಕಂಟ್ರೋಲ್ ಮತ್ತು ಎಸ್ ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪ್ರಶ್ನೆಗೆ ಎಂಟರ್ ಕೊಟ್ಟರೆ ಬಲಬದಿಯ ಅಂಕಿ ಕೀಲಿಗಳೇ ಮೌಸ್ ಆಗುತ್ತವೆ. 8, 2, 4, 6 ಒತ್ತಿದರೆ ಕರ್ಸರ್ ಸರಿಯುತ್ತದೆ, 5 ಒತ್ತಿದರೆ ಕ್ಲಿಕ್. ನಿಧಾನ, ಆದರೆ ಕೆಲಸ ಕೆಡುವುದಿಲ್ಲ.

ಎರಡು ದಿನ ಒಂದು ಚೀಟಿ

ಮಾನಿಟರ್ ಪಕ್ಕ ಒಂದು ಚೀಟಿ ಇಟ್ಟು, ಮೌಸ್ ನಿಂತಾಗಲೆಲ್ಲ ಗಂಟೆ ಎಷ್ಟು, ಆಗ ಏನು ನಡೆಯುತ್ತಿತ್ತು ಎಂದು ಒಂದು ಸಾಲು ಬರೆಯಿರಿ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಡ್ರೈವರ್ ಹುಡುಕಿ ಹುಡುಕಿ ಇನ್‌ಸ್ಟಾಲ್ ಮಾಡುವುದಕ್ಕಿಂತ ಈ ಚೀಟಿ ಬೇಗ ದಾರಿ ತೋರಿಸುತ್ತದೆ.

ಊಟ ಮುಗಿಸಿ ಬಂದು ಕೂತಾಗಲೇ ನಿಲ್ಲುತ್ತದೆ, ಅಂದರೆ ಸ್ವಲ್ಪ ಹೊತ್ತು ಮುಟ್ಟದಿದ್ದ ಮೇಲೆ: ವಿಂಡೋಸಿನ ಪವರ್ ಉಳಿತಾಯ. ಪೆನ್ ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿದಾಗ: ಪೋರ್ಟಿನ ಮೇಲೆ ಹೊರೆ, ವೈರ್‌ಲೆಸ್ ಆಗಿದ್ದರೆ ಸಿಗ್ನಲ್ ಗದ್ದಲ. ಮೌಸ್ ದೂರ ಎಳೆದಾಗ: ವೈರ್ ಒಳಗೆ ತುಂಡು. ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ: ಎಸ್‌ಎಂಪಿಎಸ್ ಸುಸ್ತು. ಪಕ್ಕದ ಕೋಣೆಯಲ್ಲಿ ಫ್ರಿಜ್ ಶುರುವಾದಾಗ, ಮಿಕ್ಸಿ ತಿರುಗಿದಾಗ, ಬೋರ್‌ವೆಲ್ ಪಂಪ್ ಹಾಕಿದಾಗ: ಮನೆಯ ವೈರಿಂಗ್, ಅರ್ತಿಂಗ್. ಕರೆಂಟು ಹೋಗಿ ಯುಪಿಎಸ್‌ಗೆ ಬದಲಾದಾಗ: ಅದರ ಬ್ಯಾಟರಿ.

ಮುಂದಿನದ್ದನ್ನೆಲ್ಲ ಸಾಲಾಗಿ ಓದಬೇಕೆಂದಿಲ್ಲ. ನಿಮ್ಮ ಚೀಟಿ ಹೇಳುವ ಕಡೆಗೆ ನೇರ ಹೋಗಿ. ಒಂದು ಕಟ್ಟುನಿಟ್ಟು ಮಾತ್ರ ಇರಲಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಪೋರ್ಟ್, ಮೌಸ್, ಡ್ರೈವರ್ ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಸರಿಹೋದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ವೈರ್, ಮೇಜು, ಪೋರ್ಟ್

ನೆರೆಯವರ ಮನೆಯಿಂದಲೋ ಆಫೀಸಿನಿಂದಲೋ ಚೆನ್ನಾಗಿರುವ ಮೌಸ್ ಒಂದನ್ನು ಒಂದು ದಿನದ ಮಟ್ಟಿಗೆ ತನ್ನಿ, ನಿಮ್ಮದನ್ನು ಅವರಲ್ಲಿ ಹಾಕಿ. ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ.

ಮೌಸಿನ ವೈರ್ ಒಳಗೆ ನಾಲ್ಕು ಎಳೆ ಇರುತ್ತವೆ. ಐದು ವೋಲ್ಟಿಗೆ ಕೆಂಪು, ಗ್ರೌಂಡಿಗೆ ಕಪ್ಪು, ಮಾಹಿತಿಗೆ ಬಿಳಿ ಮತ್ತು ಹಸಿರು. ವೈರ್ ಮೌಸಿನೊಳಗೆ ಹೊಕ್ಕುವ ಕುತ್ತಿಗೆಯಲ್ಲೇ ಮಡಚಿ ಮಡಚಿ ಎಳೆಗಳು ಕಡಿಯುತ್ತವೆ. ಅಲ್ಲಿ ಬೆರಳಿನಲ್ಲಿ ಮೆಲ್ಲಗೆ ಬಾಗಿಸುತ್ತ ದೀಪ ನೋಡಿ. ಮಿಣುಕಿದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಇಲಿ ಕಡಿದ ಗುರುತು ಮೇಜಿನ ಹಿಂಬದಿಯಲ್ಲಿರಬಹುದು, ಪೂರ್ತಿ ಉದ್ದಕ್ಕೂ ಕೈಯಾಡಿಸಿ.

ಕರ್ಸರ್ ನಿಲ್ಲದೆ ಕುಂಟುತ್ತಿದ್ದರೆ, ಹಾರುತ್ತಿದ್ದರೆ ಪವರ್ ಬಿಟ್ಟು ಮೇಜು ನೋಡಿ. ಗಾಜು ಮತ್ತು ಹೊಳೆಯುವ ಸನ್‌ಮೈಕಾ ಮೇಲೆ ಆಪ್ಟಿಕಲ್ ಮೌಸ್ ದಾರಿ ತಪ್ಪುತ್ತದೆ. ಹಳೆಯ ನೋಟ್‌ಬುಕ್ಕಿನ ರಟ್ಟು ಅಡಿಗೆ ಇಟ್ಟರೂ ಸಾಕು. ಲೆನ್ಸಿನ ಗುಳಿಯಲ್ಲಿ ಒಂದೇ ಒಂದು ಕೂದಲು ಸಿಕ್ಕಿಕೊಂಡರೂ ಇದೇ ಲಕ್ಷಣ.

ಪೋರ್ಟಿನ ವಿಷಯ ಸ್ವಲ್ಪ ದೊಡ್ಡದು. ಡಬ್ಬದ ಮುಂಭಾಗದ ಪೋರ್ಟ್‌ಗಳು ಮದರ್‌ಬೋರ್ಡಿನ ಮೇಲೆ ಇರುವುದಿಲ್ಲ. ಒಳಗಿಂದ ಒಂದು ತೆಳ್ಳಗಿನ ಕೇಬಲ್ ಬಂದು ಅವನ್ನು ಮುಟ್ಟುತ್ತದೆ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಕಂಪನಿಯವರು ಮೊದಲು ಕಾಸು ಉಳಿಸುವುದು ಆ ಕೇಬಲಿನಲ್ಲೇ. ಹಾಗಾಗಿ ಮೌಸ್ ಮತ್ತು ಕೀಬೋರ್ಡನ್ನು ಯಾವಾಗಲೂ ಹಿಂಭಾಗದ ಪೋರ್ಟ್‌ಗಳಿಗೆ ಹಾಕಿ, ಮುಂಭಾಗವನ್ನು ಪೆನ್ ಡ್ರೈವ್‌ಗೆ ಬಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಳಸದ ಪೋರ್ಟಿನ ಹಿತ್ತಾಳೆಯ ಪಟ್ಟಿಗಳು ಕಪ್ಪಾಗುತ್ತವೆ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪಿನ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಸಣ್ಣ ಬ್ರಶ್ಶಿನಿಂದ ಒರೆಸಿ ಒಣಗಲು ಬಿಡಿ. ಸೀಮೆಎಣ್ಣೆ, ಸೆಂಟಿನ ಬಾಟಲಿ ಬೇಡ.

ವೈರ್‌ಲೆಸ್ ಮೌಸ್ ಆಗಿದ್ದರೆ

ಬ್ಯಾಟರಿ ಬದಲಿಸಿದ ಮೇಲೂ ಎಡವುತ್ತಿದ್ದರೆ ಪುಟಾಣಿ ರಿಸೀವರ್ ಎಲ್ಲಿ ಕೂತಿದೆ ನೋಡಿ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಹೆಚ್ಚಿನ ವೈರ್‌ಲೆಸ್ ಮೌಸ್‌ಗಳು ಮಾತಾಡುವುದೂ ಅಲ್ಲಿಯೇ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ನೀಲಿ ಪೋರ್ಟಿನಲ್ಲಿ, ಅಂದರೆ 3.0 ಪೋರ್ಟಿನಲ್ಲಿ, ಹೊರಗಿನ ಹಾರ್ಡ್ ಡಿಸ್ಕ್, ಅದರ ಪಕ್ಕದಲ್ಲೇ ರಿಸೀವರ್ ಇದ್ದರೆ ಫೈಲ್ ಕಾಪಿ ಆಗುವಷ್ಟು ಹೊತ್ತೂ ಮೌಸ್ ತೊದಲುತ್ತದೆ. ಪರಿಹಾರ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್. ರಿಸೀವರನ್ನು ಮೇಜಿನ ಮೇಲೆ ಮೌಸಿನ ಹತ್ತಿರ ತಂದಿಟ್ಟರೆ ಬಹುತೇಕ ಮುಗಿಯುತ್ತದೆ.

ವಿಂಡೋಸ್ ತಾನೇ ಕಡಿಯುತ್ತಿದ್ದರೆ

ಬಳಸದ ಯುಎಸ್‌ಬಿ ಸಾಧನವನ್ನು ನಿದ್ರೆಗೆ ಕಳಿಸುವ ಏರ್ಪಾಟು ವಿಂಡೋಸಿನಲ್ಲಿದೆ. ಲ್ಯಾಪ್‌ಟಾಪಿನ ಬ್ಯಾಟರಿಗೆ ಅದು ಒಳ್ಳೆಯದು. ಸದಾ ಗೋಡೆಯ ಕರೆಂಟಿನಲ್ಲಿ ಓಡುವ ಡೆಸ್ಕ್‌ಟಾಪಿನಲ್ಲಿ ಉಳಿಯುವ ವಿದ್ಯುತ್ ಲೆಕ್ಕಕ್ಕೇ ಬರುವುದಿಲ್ಲ. ಧೈರ್ಯವಾಗಿ ತೆಗೆದುಹಾಕಿ.

1. ಕಂಟ್ರೋಲ್ ಪ್ಯಾನಲ್ ತೆರೆದು ಪವರ್ ಆಪ್ಷನ್ಸ್‌ಗೆ ಹೋಗಿ. ನೀವು ಬಳಸುತ್ತಿರುವ ಪ್ಲಾನ್ ಪಕ್ಕದ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅದರೊಳಗೆ ಚೇಂಜ್ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್ ಒತ್ತಿ.

2. ಪಟ್ಟಿಯಲ್ಲಿ ಯುಎಸ್‌ಬಿ ಸೆಟ್ಟಿಂಗ್ಸ್ ಬಿಡಿಸಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಡಿಸೇಬಲ್ಡ್ ಮಾಡಿ, ಅಪ್ಲೈ ಕೊಡಿ.

3. ವಿಂಡೋಸ್ ಕೀಲಿ ಹಿಡಿದು ಎಕ್ಸ್ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೊನೆಯ ಕಡೆ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಇರುತ್ತದೆ. ಅದರಲ್ಲಿ ಯುಎಸ್‌ಬಿ ರೂಟ್ ಹಬ್ ಎಂದಿರುವ ಪ್ರತಿಯೊಂದರ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಅನುಮತಿ ಕೊಡುವ ಟಿಕ್ ಗುರುತು ತೆಗೆಯಿರಿ. ಎಲ್ಲ ಹಬ್‌ಗಳಿಗೂ ಮಾಡಿ, ಒಂದಕ್ಕೆ ಮಾಡಿ ಬಿಟ್ಟರೆ ಮೌಸ್ ಇರುವುದು ಇನ್ನೊಂದರಲ್ಲಾಗಿರಬಹುದು.

4. ಆಮೇಲೆ ಶಟ್‌ಡೌನ್ ಕೊಡಬೇಡಿ, ರೀಸ್ಟಾರ್ಟ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂದಿದೆ. ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ, ಕೆಟ್ಟ ಸ್ಥಿತಿಯೂ ಅದರ ಜತೆಗೇ ಬರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ.

ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ ಎಂದು ಹೇಳಿಕೊಳ್ಳುವ ಉಚಿತ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಸಾಮಾನ್ಯ ಮೌಸಿಗೆ ಬೇಕಾದ ಡ್ರೈವರ್ ವಿಂಡೋಸಿನಲ್ಲೇ ಇರುತ್ತದೆ. ಹೊಸದು ಬೇಕಾದರೂ ಅದು ಚಿಪ್‌ಸೆಟ್‌ನದ್ದು, ಮದರ್‌ಬೋರ್ಡ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಬಳಸುವವರಲ್ಲಿ ಪವರ್‌ಟಾಪ್ ಸಾಧನದ ಆಟೋ ಟ್ಯೂನ್ ಕೊಟ್ಟ ಮೇಲೆ ಮೌಸ್ ತೂಕಡಿಸುತ್ತಿದ್ದರೆ ಕಾರಣ ಇದೇ ಜಾತಿಯದು. ಮೌಸಿನ ಸಾಲಿನಲ್ಲಿ ಅದನ್ನು ಹಿಂದಕ್ಕೆ ತಿರುಗಿಸಿದರೆ ಆಯಿತು.

ಒಂದೇ ಪೋರ್ಟಿನ ಮೇಲೆ ಎಷ್ಟು ಹೊರೆ?

ಪೋರ್ಟ್ ಸಾಲದೆ ಒಂದಕ್ಕೆ ನಾಲ್ಕು ಮಾಡುವ ಹಬ್ ಹಾಕಿರುತ್ತೇವೆ. ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಇಲ್ಲದಿದ್ದರೆ ಯುಎಸ್‌ಬಿ 2.0 ಲೆಕ್ಕದಲ್ಲಿ ಸಿಗುವ 500 ಮಿಲಿಆಂಪಿಯರಿನಲ್ಲಿ ಹಬ್ ತಾನೂ ತಿಂದು, ಪ್ರತಿ ಪೋರ್ಟಿಗೆ ನೂರರಂತೆ ಹಂಚಬೇಕು. ಅದರಲ್ಲಿ ಮೊಬೈಲ್ ಚಾರ್ಜಿಗೆ ಹಾಕಿ, ವೆಬ್‌ಕ್ಯಾಮ್ ಸಿಕ್ಕಿಸಿ, ಮೌಸನ್ನೂ ಅಲ್ಲೇ ಇಟ್ಟರೆ ಮೊದಲು ಕೈಕೊಡುವುದು ಮೌಸ್. ಹಬ್ ತೆಗೆದು ಒಂದು ದಿನ ನೋಡಿ. ಹಬ್ ಬೇಕೇ ಬೇಕೆಂದಿದ್ದರೆ ಅಡಾಪ್ಟರ್ ಸಮೇತ ಬರುವುದನ್ನು ಕೊಳ್ಳಿ.

ಇದಕ್ಕಿಂತ ಗಾಬರಿ ಹುಟ್ಟಿಸುವ ತೊಂದರೆ ಒಂದಿದೆ. ಕಂಪ್ಯೂಟರ್ ಹಾಕಿದ ಕೂಡಲೇ ಕಪ್ಪು ಪರದೆಯ ಮೇಲೆ ಯುಎಸ್‌ಬಿ ಓವರ್ ಕರೆಂಟ್ ಎಂಬ ಎಚ್ಚರಿಕೆ ಬಂದು, 15 ಸೆಕೆಂಡಿನಲ್ಲಿ ತಾನಾಗಿ ಆಫ್ ಆಗುವುದು. ಮದರ್‌ಬೋರ್ಡ್ ಹೋಯಿತು ಎಂದು ಹಣ ಹೊಂದಿಸಲು ಹೊರಡಬೇಡಿ. ಎಷ್ಟೋ ಸಲ ಮುಂಭಾಗದ ಪೋರ್ಟಿನೊಳಗೆ ಬಾಗಿದ ಒಂದು ಪಟ್ಟಿ ಲೋಹದ ಹೊದಿಕೆಯನ್ನು ಮುಟ್ಟಿ ಶಾರ್ಟ್ ಆಗಿರುತ್ತದೆ. ಟಾರ್ಚ್ ಹಿಡಿದು ಪ್ರತಿ ಪೋರ್ಟಿನ ಒಳಗೂ ನೋಡಿ. ಎಲ್ಲ ಯುಎಸ್‌ಬಿ ಸಾಧನ ಕಿತ್ತು ಶುರುಮಾಡಿ. ಆಗಲೂ ಬಂದರೆ ಗೋಡೆಯ ಪಿನ್ ಕಿತ್ತು, ಡಬ್ಬದ ಪಕ್ಕದ ತಗಡು ಬಿಚ್ಚಿ, ಮುಂಭಾಗದ ಪೋರ್ಟ್‌ನಿಂದ ಬರುವ ಪ್ಲಗ್ಗನ್ನು ಮದರ್‌ಬೋರ್ಡಿನಿಂದ ಎಳೆದು ತೆಗೆಯಿರಿ. 2.0 ಆದರೆ ಒಂಬತ್ತು ಪಿನ್ನಿನ ಪುಟ್ಟದು, 3.0 ಆದರೆ 19 ಪಿನ್ನಿನ ದಪ್ಪದ್ದು. ಈಗ ಎಚ್ಚರಿಕೆ ಬರದಿದ್ದರೆ ಕಳ್ಳ ಸಿಕ್ಕಿದ. ಮುಂಭಾಗದ ಪೋರ್ಟ್ ಇಲ್ಲದೆಯೂ ಕಂಪ್ಯೂಟರ್ ಸುಖವಾಗಿ ಓಡುತ್ತದೆ.

ಒಂದೆರಡು ಪೋರ್ಟ್ ಮಾತ್ರ ದಿಢೀರನೆ ಸತ್ತಿದ್ದರೆ ಅವಸರ ಬೇಡ. ಹಲವು ಮದರ್‌ಬೋರ್ಡ್‌ಗಳಲ್ಲಿ ಪೋರ್ಟ್‌ಗಳ ಕಾವಲಿಗೆ ಇರುವ ಫ್ಯೂಸ್ ಬಿಸಿಯಾದಾಗ ಕರೆಂಟು ತಡೆದು, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪಿನ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗಿನ ಉಳಿಕೆ ಕರೆಂಟು ಬರಿದು ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿ. ಯುಎಸ್‌ಬಿ ಕಂಟ್ರೋಲರ್ ಸಿಕ್ಕಿಹಾಕಿಕೊಂಡಿದ್ದರೂ ಇದರಿಂದ ಬಿಡುಗಡೆಯಾಗುತ್ತದೆ.

ಎಸ್‌ಎಂಪಿಎಸ್ ಮುದಿಯಾದಾಗ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಅಥವಾ ನಾಲ್ಕೈದು ಬೇಸಿಗೆ ದಾಟಿದ ಮೇಲೆ ಮೌಸ್ ತೊಂದರೆ ಶುರುವಾಯಿತೇ? ಜತೆಗೆ ಕಂಪ್ಯೂಟರ್ ಆಗೊಮ್ಮೆ ಈಗೊಮ್ಮೆ ತಾನಾಗಿ ರೀಸ್ಟಾರ್ಟ್ ಆಗುತ್ತದೆಯೇ? ಇವೆರಡೂ ಕೂಡಿ ಬಂದರೆ ನನ್ನ ಅನುಮಾನ ನೇರ ಎಸ್‌ಎಂಪಿಎಸ್ ಮೇಲೆ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಸಿಗಬಹುದು. ಅದನ್ನು ನೋಡಿ ಎಸ್‌ಎಂಪಿಎಸ್ ಕೆಟ್ಟಿದೆ ಎಂದೇ ತೀರ್ಪು ಕೊಡುವವರಿದ್ದಾರೆ, ಅದು ಪೂರ್ತಿ ಸರಿಯಲ್ಲ. ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಕಾರಣ ತಿಳಿಯಲು ವೋಲ್ಟೇಜ್ ನೋಡಬೇಕು. ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಗಳಿಗೆ ಬಯೋಸ್ ಎನ್ನುತ್ತಾರೆ. ಹಲವು ಬಯೋಸ್‌ಗಳಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂಬ ಪುಟದಲ್ಲಿ ಐದು ವೋಲ್ಟಿನ ಸಾಲು ಇರುತ್ತದೆ. ಅದು 4.75 ಮತ್ತು 5.25ರ ನಡುವೆ ಇರಬೇಕು. ಆದರೆ ಬಯೋಸಿನಲ್ಲಿ ಕಂಪ್ಯೂಟರ್ ಸುಮ್ಮನೆ ಕೂತಿರುತ್ತದೆ, ನಿಜವಾದ ಪರೀಕ್ಷೆ ಕೆಲಸ ಮಾಡುವಾಗಿನದು. ಮಲ್ಟಿಮೀಟರ್ ಬಳಸಿ ಅಭ್ಯಾಸವಿದ್ದವರು ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟು, ಖಾಲಿ ಇರುವ ನಾಲ್ಕು ಪಿನ್ನಿನ ಪವರ್ ಕನೆಕ್ಟರಿನಲ್ಲಿ ಕೆಂಪು ಮತ್ತು ಕಪ್ಪು ತಂತಿಯ ನಡುವೆ ಅಳೆಯಬಹುದು. ಹಳದಿಯದು 12 ವೋಲ್ಟು, ಮೀಟರಿನ ಮೊನೆ ಎರಡನ್ನೂ ಒಟ್ಟಿಗೆ ಮುಟ್ಟದಂತೆ ನೋಡಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪಿನ್ ಕಿತ್ತ ಮೇಲೂ ಒಳಗೆ ಕರೆಂಟು ಕೂಡಿಟ್ಟುಕೊಂಡಿರುವ ಕೆಪಾಸಿಟರ್‌ಗಳು ಶಾಕ್ ಹೊಡೆಯುತ್ತವೆ. ಹಳೆಯವುಗಳ ಹಿಂದೆ 115, 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. ಮಕ್ಕಳು ಅದನ್ನು ಸರಿಸಿದರೆ ಪಟಾಕಿ ಗ್ಯಾರಂಟಿ.

ತಗಡು ಬಿಚ್ಚಿದಾಗ ಮದರ್‌ಬೋರ್ಡಿನ ಮೇಲಿನ ಸಣ್ಣ ಉರುಳೆಗಳ ತಲೆಯನ್ನೂ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಆ ಕೆಪಾಸಿಟರ್ ಮುಗಿದಿದೆ, ಯುಎಸ್‌ಬಿಗೆ ಸ್ಥಿರ ಕರೆಂಟು ಸಿಗುವುದಿಲ್ಲ.

ರಾತ್ರಿ ಶಟ್‌ಡೌನ್ ಮಾಡಿದ ಮೇಲೂ ಮೌಸಿನ ಕೆಂಪು ದೀಪ ಉರಿಯುತ್ತಿದೆ ಎಂದು ಕೇಳುವವರು ಬಹಳ. ಅದು ರೋಗವಲ್ಲ. ಎಸ್‌ಎಂಪಿಎಸ್ ಆಫ್ ಇದ್ದಾಗಲೂ ಐದು ವೋಲ್ಟಿನ ಒಂದು ಸ್ಟ್ಯಾಂಡ್‌ಬೈ ಎಳೆಯನ್ನು ಜೀವಂತ ಇಟ್ಟಿರುತ್ತದೆ. ಬೇಡವೆಂದರೆ ಬಯೋಸಿನಲ್ಲಿ ಇಆರ್‌ಪಿ (ErP) ಎಂಬ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಎನೇಬಲ್ ಮಾಡಿ, ಅಥವಾ ಗೋಡೆಯ ಸ್ವಿಚ್ ಆರಿಸಿ ಮಲಗಿ.

ಗೋಡೆಯ ಕಡೆ

ಸಿಪಿಯು ಡಬ್ಬ ಮುಟ್ಟಿದಾಗ ಬೆರಳು ಚುರುಗುಟ್ಟುತ್ತದೆಯೇ? ಟೆಸ್ಟರ್ ಇಟ್ಟರೆ ಹತ್ತಿಕೊಳ್ಳುತ್ತದೆಯೇ? ಅರ್ತಿಂಗ್ ಇಲ್ಲ ಎಂದು ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರುವ ಕರೆಂಟನ್ನು ಅರ್ತ್ ತಂತಿಗೆ ಕಳಿಸುತ್ತವೆ. ಆ ತಂತಿ ಎಲ್ಲಿಗೂ ಸೇರದಿದ್ದರೆ ಡಬ್ಬದ ಮೈಯಲ್ಲೇ ಸುಮಾರು ಅರ್ಧ ಲೈನ್ ವೋಲ್ಟೇಜ್ ನಿಂತುಬಿಡುತ್ತದೆ. ಯುಎಸ್‌ಬಿಯ ಗ್ರೌಂಡ್ ಕೂಡ ಆ ಮೈಗೇ ಸೇರಿದ್ದು. ಪಕ್ಕದಲ್ಲಿ ಮೋಟಾರ್ ಶುರುವಾದಾಗ ಎದ್ದ ಅಲೆ ಹೋಗಲು ಜಾಗವಿಲ್ಲದೆ ಯುಎಸ್‌ಬಿಯನ್ನೇ ಅಲ್ಲಾಡಿಸುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಸಾಕೆಟಿನ ಮೇಲಿನ ದಪ್ಪ ತೂತು ಬರೀ ಅಲಂಕಾರಕ್ಕೆ ಇರುವುದುಂಟು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಹಾಕಿದರಂತೂ ಇದ್ದ ಅರ್ತ್ ಕೂಡ ಕೈಬಿಟ್ಟಂತೆ.

ಎಲೆಕ್ಟ್ರೀಷಿಯನ್ ಕರೆಸಿ ಫೇಸ್ ಮತ್ತು ಅರ್ತ್ ನಡುವೆ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸಿಗುವಷ್ಟೇ, ಅಂದರೆ 230ರ ಆಸುಪಾಸು, ಅಲ್ಲೂ ಸಿಗಬೇಕು. ಕಡಿಮೆ ಬಂದರೆ ಅರ್ತ್ ಗುಂಡಿ ನೋಡಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ತಿಂಗ್ ಸೊರಗುತ್ತದೆ, ವಾರಕ್ಕೊಮ್ಮೆ ಎರಡು ಕೊಡ ನೀರು ಹುಯ್ಯುವುದು ಹಳಬರ ಪದ್ಧತಿ, ಅದು ಸರಿಯಾದದ್ದೇ. ಇಡೀ ಮನೆಯಲ್ಲೇ ಸಂಜೆ ದೀಪ ಮಂಕಾಗುತ್ತಿದ್ದರೆ ಅದು ನಿಮ್ಮ ಕೈಮೀರಿದ್ದು, ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಕರೆಮಾಡಿ ದೂರು ಕೊಡಿ.

ಯುಪಿಎಸ್ ಇದ್ದರೆ ಅದರ ಬ್ಯಾಟರಿಯ ವಯಸ್ಸು ಕೇಳಿ. ಎರಡು ಮೂರು ವರ್ಷ ದಾಟಿದ್ದು ಕರೆಂಟು ಹೋದ ಕೂಡಲೇ ತತ್ತರಿಸುತ್ತದೆ. ಯುಪಿಎಸ್ ಬಿಟ್ಟು ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರ ಹಿಂದೆ ನಾರ್ಮಲ್, ಯುಪಿಎಸ್ ಎಂಬ ಸ್ವಿಚ್ ಇದೆಯೇ ನೋಡಿ, ಯುಪಿಎಸ್ ಕಡೆಗೆ ಇರಲಿ. ನಾರ್ಮಲ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತು ಹೆಚ್ಚು. ಪೂರ್ಣ ಹೊರೆಯಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಉಸಿರು ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನದಿಂದ ಶುರುವಾದ ತೊಂದರೆಯಾದರೆ ಸಿಡಿಲಿನ ಅಲೆ ಯುಎಸ್‌ಬಿ ಕಂಟ್ರೋಲರನ್ನು ಅರ್ಧ ಸುಟ್ಟಿರಬಹುದು. ಇದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಮದರ್‌ಬೋರ್ಡ್ ಉಳಿದಂತೆ ಚೆನ್ನಾಗಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒಂದು ಯುಎಸ್‌ಬಿ ಕಾರ್ಡ್ ಹಾಕಿಸಿ ಮೌಸನ್ನು ಅದಕ್ಕೆ ಜೋಡಿಸಬಹುದು, ಹೊಸ ಬೋರ್ಡಿಗಿಂತ ಎಷ್ಟೋ ಅಗ್ಗ. ಮುಂದೆ ಗುಡುಗು ಕೇಳಿಸಿದಾಗ ಪವರ್ ಪಿನ್ ಜತೆ ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಇಷ್ಟಾದ ಮೇಲೂ ಬಗೆಹರಿಯದೆ ರಿಪೇರಿಗೆ ಕೊಡುವುದಾದರೆ ಮೌಸ್ ನಿಲ್ಲುತ್ತದೆ ಎಂದಷ್ಟೇ ಹೇಳಿ ಬರಬೇಡಿ. ಅಂಗಡಿಯ ಮೇಜಿನ ಮೇಲೆ, ಅವರ ಕರೆಂಟಿನಲ್ಲಿ, ಅವರ ಮೌಸಿನಲ್ಲಿ ಅದು ಇಡೀ ದಿನ ಸರಿಯಾಗಿ ಓಡಿ, ಏನೂ ತೊಂದರೆಯಿಲ್ಲ ಎಂಬ ಉತ್ತರದೊಂದಿಗೆ ವಾಪಸು ಬರುತ್ತದೆ. ನಿಮ್ಮ ಮೌಸನ್ನೂ ಪವರ್ ಕೇಬಲನ್ನೂ ಜತೆಗೆ ಕೊಡಿ, ನಮ್ ಲಾಕ್ ದೀಪ ಹತ್ತುತ್ತಿತ್ತೋ ಇಲ್ಲವೋ ಹೇಳಿ, ಯಾವ ಪೋರ್ಟುಗಳನ್ನು ನೋಡಿ ಆಗಿದೆ ಎಂದು ತಿಳಿಸಿ. ಅಲ್ಲಿ ಪೂರ್ತಿ ಸರಿಯಾಗಿ ಓಡಿ ಮನೆಗೆ ತಂದ ಕೂಡಲೇ ಮತ್ತೆ ನಿಂತರೆ ಕರೆಯಬೇಕಾದದ್ದು ಕಂಪ್ಯೂಟರಿನವರನ್ನಲ್ಲ, ಎಲೆಕ್ಟ್ರೀಷಿಯನ್ನನ್ನು.